ನಮ್ಮ ಅಜ್ಜ ಹಿಂಗ ಇದ್ದ

ಬಿ.ಪಿ. ಏರಿದೆ, ಆರಾಮಾಗಿರಿ ಎಂದು ಡಾಕ್ಟರು ಹೇಳಿದಂದಿನಿಂದ ಇಂದುಮತಿಯ ಗಂಡ ನಡುಮನೆಯ ಜೋಕಾಲಿ ಬಿಟ್ಟು ಇಳಿಯುತ್ತಿರಲಿಲ್ಲ.

"ನಮ್ಮ ಅಜ್ಜ ಹಿಂಗ ಇದ್ದ ನೋಡು. ಉಂಡ, ಜೋಕಾಲಿ ಜೀಕಿದ, ಹರಟಿ ಹೊಡದ. ಗಡಿಬಿಡಿ ಅನ್ನೋದ ಗೊತ್ತಿರಲಿಲ್ಲ ಅವಗ."

ಅಷ್ಟು ಹೇಳುವುದರೊಳಗೆ ಅವನಿಗೆ ಇನ್ನೊಂದು ಚಹಾ ಬೇಕಾಗುತ್ತಿತ್ತು. ಹರಟೆಗೆ ಬಂದ ಗೆಳೆಯರಿಗೆ ಮಿರ್ಚಿ, ಚುರುಮುರಿ ಬೇರೆ. ಇಂದುಮತಿ ಟೊಂಕಕ್ಕೆ ಸಿಕ್ಕಿಸಿದ ಸೆರಗು ಸಂಜೆಯಾದರೂ ಇಳಿಯುತ್ತಿರಲಿಲ್ಲ.

"ನಿಮ್ಮ ಅಜ್ಜಿ ಹೆಂಗಿದ್ರು?" ಒಂದು ಮಧ್ಯಾಹ್ನ ಕೇಳಿದಳು.

"ಅಕಿನ್ನ ಯಾರು ನೋಡ್ಯಾರ? ಸದಾ ಅಡಗಿಮನ್ಯಾಗ ಇರ್ತಿದ್ಲು."

ಅವನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇಂದುಮತಿ ಜೋಕಾಲಿಯ ಮೇಲೆ ಕಾಲು ಚಾಚಿ ಮಲಗಿದ್ದಳು.

"ಚಹಾ?" ಎಂದ.

"ನನಗೂ ಒಂದು ಕಪ್ ಇಡ್ರಿ," ಕಣ್ಣು ತೆರೆಯದೆ ಹೇಳಿದಳು. "ಗಡಿಬಿಡಿ ಏನಿಲ್ಲ, ಆರಾಮ ಮಾಡ್ರಿ."