ಜಾರುವ ಮೊದಲೇ ಹೇಳುವ ಟೈರು

“ಇದು ಬೇಡ ಅಂಕಲ್,” ಎಂದ ಅತುಲ್, ಕೌಂಟರಿನ ಪಕ್ಕ ನಿಲ್ಲಿಸಿದ್ದ ಟೈರಿನ ಮೇಲೆ ಕೈಯಿಟ್ಟು. “ಇದನ್ನ ನಂಬೋಕಾಗಲ್ಲ.”

ರಾಜಶೇಖರನ ಹುಬ್ಬು ಮೇಲೇರಿತು. ಅದು ಅವನೇ ವಾರಗಟ್ಟಲೆ ತಲೆಕೆಡಿಸಿಕೊಂಡು ಆರಿಸಿದ ಟೈರು. ಹೊರಗೆ, ಮನ್ರೋ ಊರಿನ ಆ ಟೈರು ಅಂಗಡಿಯ ಮುಂದೆ, ಎರಡೇ ಸೀಟಿನ ಅವನ ಕೆಂಪು ಸ್ಪೋರ್ಟ್ಸ್ ಕಾರು ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಅದರ ಹಳೆಯ ಟೈರುಗಳು ಸವೆದು ನುಣ್ಣಗಾಗಿದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅತುಲ್‌ಗೆ ಕಾರಿನ ಹುಚ್ಚು, ರಾಜಶೇಖರನಿಗೆ ಅವನನ್ನು ಕರೆಯಲು ಒಂದು ನೆಪ ಬೇಕಿತ್ತು. ನಂದಾ ಖಡಾಖಂಡಿತವಾಗಿ ಹೇಳಿದ್ದಳು: “ಅತುಲ್ ಜೊತೆ ಅರ್ಧ ದಿನ ಕಳೀರಿ. ನಿಮ್ಮಿಬ್ಬರಿಗೂ ಸರಿಬಂದ್ರೆ ಮದುವೆ. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಬಿಟ್ಟುಬಿಡೋಣ.”

ಹಾಗಾಗಿ ಇದು ನೋಡುವ ಶಾಸ್ತ್ರವೇ. ಉಪ್ಪಿಟ್ಟು, ಕೇಸರಿಬಾತಿನ ಬದಲು ರಬ್ಬರಿನ ವಾಸನೆ, ಅಷ್ಟೇ ವ್ಯತ್ಯಾಸ. ಸೋಫಾದಲ್ಲಿ ಎದುರುಬದುರು ಕೂರಿಸಿ ಕೆಲಸ, ಗೋತ್ರ ವಿಚಾರಿಸಿದರೆ ಎಲ್ಲರೂ ಸಭ್ಯರೇ. ಮನುಷ್ಯ ನಿಜಕ್ಕೂ ಎಂಥವನೆಂದು ತಿಳಿಯಬೇಕಾದರೆ ಅವನನ್ನು ಇಂಥ ಅಂಗಡಿಯಲ್ಲಿ ತಂದು ನಿಲ್ಲಿಸಬೇಕು.

ರಾಜಶೇಖರ ಧಾರವಾಡದವನು. ಐವತ್ತೆಂಟು ದಾಟಿದೆ. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸಿ, ಆಮೇಲೆ ಎಬ್ಬಿಸುವ ಡಾಕ್ಟರು. ಬೇರೆಯವರ ನಾಡಿ ಏರಿಳಿದರೆ ರೆಪ್ಪೆ ಮಿಟುಕಿಸದವನಿಗೆ ಈಗ ತನ್ನದೇ ನಾಡಿ ಕಿವಿಯಲ್ಲಿ ಬಡಿಯುತ್ತಿತ್ತು. ನಂದಾಳ ವಿಷಯ ಬಂದರೆ ಅವನು ಹೀಗೆಯೇ, ಪೂರ್ತಿ ಮೆತ್ತಗಾಗಿಬಿಡುತ್ತಾನೆ.

ಅತುಲ್ ಮಾತ್ರ ಆರಾಮಾಗಿದ್ದ. ಇಲ್ಲೇ ಹತ್ತಿರದ ಎಡಿಸನ್ನಿನಲ್ಲಿ ಹುಟ್ಟಿ ಬೆಳೆದ ಇಂಜಿನಿಯರ್. ಹೇಳಿದ ಹೊತ್ತಿಗೆ ಬಂದಿದ್ದ, ಬೂಟಿನ ಕೆಸರು ಒರೆಸಿಕೊಂಡು ಒಳಗೆ ಕಾಲಿಟ್ಟಿದ್ದ, ಕೈಯೆತ್ತಿ ನಮಸ್ಕಾರ ಅಂದಿದ್ದ. ರಾಜಶೇಖರ ಮನಸ್ಸಿನಲ್ಲೇ ಅಂಕ ಕೊಟ್ಟಿದ್ದ.

“ಯಾಕಪಾ, ಗ್ರಿಪ್ ಒಳಗ ಇದ್ರ ಮುಂದ ಯಾವುದೂ ಇಲ್ಲಂತಲ್ಲ?” ಎಂದು ಕೆಣಕಿದ.

“ಗ್ರಿಪ್ ಇದೆ, ನೋ ಡೌಟ್. ಆದ್ರೆ ಮಳೇಲಿ ಕೊನೇ ಗಳಿಗೆ ತನಕ ಗಟ್ಟಿಯಾಗಿ ಹಿಡ್ಕೊಂಡಿದ್ದು, ಸಡನ್ನಾಗಿ ಬಿಟ್ಟುಬಿಡುತ್ತೆ. ನೋ ವಾರ್ನಿಂಗ್.” ಅತುಲ್ ಪಕ್ಕದ ಟೈರನ್ನು ತಟ್ಟಿದ. “ಇದು ಸ್ವಲ್ಪ ಬೇಗನೇ ಜಾರೋಕೆ ಶುರು ಮಾಡುತ್ತೆ, ಆದ್ರೆ ನಿಧಾನಕ್ಕೆ. ಸ್ಟೀರಿಂಗ್‌ನಲ್ಲಿ ಮೊದಲೇ ಗೊತ್ತಾಗುತ್ತೆ. ಸರಿಮಾಡ್ಕೊಳ್ಳೋಕೆ ಟೈಮ್ ಸಿಗುತ್ತೆ.”

“ಹಿಡಿತ ಕಡಿಮಿ ಇದ್ರೂ ನಡೀತದ?”

“ಬಿಸಿಲಲ್ಲಿ ಎಲ್ಲಾ ಟೈರೂ ಚೆನ್ನಾಗೇ ಇರುತ್ತೆ ಅಂಕಲ್.”

ಪರವಾಗಿಲ್ಲವೇ, ಎಂದುಕೊಂಡ ರಾಜಶೇಖರ. ಆದರೂ ಬಿಡಲಿಲ್ಲ.

“ಬಾಜೂ ಸೀಟಿನ್ಯಾಗ ನಂದಾ ಕೂತಾಳ ಅಂತ ತಿಳ್ಕೋ. ಆಗ ಯಾವುದು?”

“ಅದಕ್ಕೇ ಇಷ್ಟು ಹೇಳ್ತಿರೋದು.” ಅತುಲ್ ಮುಖದಲ್ಲಿ ನಗು ಇರಲಿಲ್ಲ. “ಹೇಳದೆ ಕೇಳದೆ ಕೈಬಿಟ್ರೆ ಹೇಗಿರುತ್ತೆ ಅಂತ ಒಂದು ಸಲ ನೋಡಿ ಆಗಿದೆ. ಇನ್ನೊಂದು ಸಲ ಆಗಬಾರದು.”

ಮಾತು ಟೈರನ್ನು ದಾಟಿ ಹೋಗಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ನಂದಾಳನ್ನು ಒಬ್ಬ ಹೀಗೆಯೇ ಬಿಟ್ಟು ಹೋಗಿದ್ದ, ಯಾವ ಸುಳಿವೂ ಕೊಡದೆ. ಅವಳು ಆಮೇಲೆ ಮದುವೆಯ ಸುದ್ದಿಯನ್ನೇ ಯಾರಿಗೂ ಎತ್ತಗೊಟ್ಟಿರಲಿಲ್ಲ, ಈ ವರ್ಷದ ತನಕ. ಈ ಹುಡುಗನಿಗೆ ಅವಳ ಮೇಲಿರುವ ಕಾಳಜಿ ಕಂಡು ರಾಜಶೇಖರನಿಗೆ ಮೆಚ್ಚಿಗೆಯಾಯಿತು. ತಾನು ಹಿಡಿದದ್ದೇ ಸರಿ ಎನ್ನುವುದು ಅವನ ಹುಟ್ಟುಗುಣ. ಇವತ್ತು ಅದನ್ನು ನುಂಗಿಕೊಂಡ.

“ಆತು. ನೀ ಹೇಳಿದ್ದನ್ನ ಹಾಕಸೋಣ.”

ಟೈರು ಬದಲಾಯಿಸಿ ಮುಗಿಯುವಷ್ಟರಲ್ಲಿ ಮಳೆ ಇನ್ನೂ ಜೋರಾಯಿತು. ರಾಜಶೇಖರನೇ ಸ್ಟೀರಿಂಗ್ ಹಿಡಿದ. ಹೊಸ ಟೈರು ರಸ್ತೆಗೆ ಒಗ್ಗಲು ಒಂದಿಷ್ಟು ಮೈಲಿ ಬೇಕು ಎಂದು ಹಗುರವಾಗಿ ಓಡಿಸಿದ. ಹೆದ್ದಾರಿಗೆ ಸೇರುವ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿತ್ತು. ಕಾರಿನ ಮೂತಿ ತುಸು ಹೊರಕ್ಕೆ ಎಳೆಯಿತು, ಸ್ಟೀರಿಂಗ್ ಕೈಯಲ್ಲಿ ಹಗುರಾಯಿತು. ಅತುಲ್ ಬಾಗಿಲ ಹಿಡಿ ಹಿಡಿದ. ರಾಜಶೇಖರ ಬ್ರೇಕಿನ ತಂಟೆಗೆ ಹೋಗದೆ ವೇಗ ಮೆಲ್ಲಗೆ ಇಳಿಸಿ, ಸ್ಟೀರಿಂಗನ್ನು ಕೂದಲೆಳೆಯಷ್ಟು ಸಡಿಲಿಸಿದ. ಕಾರು ತಾನಾಗಿ ಸಾಲಿಗೆ ಬಂತು.

“ಬ್ರೇಕ್ ತುಳೀಲಿಲ್ಲ ನೀವು,” ಎಂದ ಅತುಲ್.

“ಗಾಬರಿ ಬಿದ್ದು ತುಳದ್ರ ಇನ್ನೂ ಜಾರ್ತದ. ಅದು ಮೊದಲ ಹೇಳ್ತು, ನಾ ಕೇಳಿದೆ. ನೀ ಆರಿಸಿದ್ದ ಸರಿ ಅದ ಬಿಡು.”

ಅತುಲ್ ಬಾಗಿಲ ಹಿಡಿ ಬಿಟ್ಟು ಜೇಬಿನಿಂದ ಫೋನು ತೆಗೆದ. ಆಮೇಲೆ, “ಅಂಕಲ್, ಎಲ್ಲಾದ್ರೂ ನಿಲ್ಲಿಸ್ತೀರಾ? ಒಂದು ಕಾಲ್ ಮಾಡ್ಬೇಕು,” ಎಂದ.

ರಾಜಶೇಖರ ಇಂಡಿಕೇಟರ್ ಹಾಕಿದ. ರಸ್ತೆಬದಿಯ ಒಂದು ಡೈನರ್ ಹೋಟೆಲಿನ ಪಾರ್ಕಿಂಗ್ ಜಾಗಕ್ಕೆ ತಿರುಗಿಸಿ ಎಂಜಿನ್ ಆರಿಸಿದ. ಅತುಲ್ ಫೋನನ್ನು ಸ್ಪೀಕರಿಗೆ ಹಾಕಿದ. ನಂದಾ ಬೆಳಿಗ್ಗೆಯಿಂದ ಜ್ಯಾಕ್ಸನ್ ಹೈಟ್ಸಿನ ಸೀರೆ ಅಂಗಡಿಯಲ್ಲಿದ್ದಳು. ಮೊದಲ ರಿಂಗಿಗೇ ಎತ್ತಿದಳು. “ಏನಾಯ್ತು? ಬೇಗ ಹೇಳು,” ಎಂಬ ಅವಳ ದನಿ ಕಾರಿನ ತುಂಬ ಕೇಳಿಸಿತು.

“ಅಮ್ಮಾ,” ಎಂದ ಅತುಲ್, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಡಾಕ್ಟರರನ್ನು ನೋಡಿ ನಗುತ್ತ, “ಹುಡುಗ ನನಗೆ ಒಪ್ಪಿಗೆ.”