ತುಳಿದರೆ ಮಾತ್ರ ಓಡುವ ಮೋಟಾರು

ಗಂಡ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಶಶಿಪ್ರಭಾಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ...

ಅವರು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುವಳು. ಸದ್ದು ನಿಂತರೆ ಬಾಗಿಲು ಬಡಿಯುವಳು.

ಗಂಡ ಜಯಕರ ಮಂಗಳೂರಿನ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಮನೆ ಗುಡ್ಡದ ಬುಡದಲ್ಲಿ, ಶಾಲೆ ಗುಡ್ಡದ ಮೇಲೆ. ಇಷ್ಟು ವರ್ಷ ಆ ಏರನ್ನು ಸೈಕಲ್ಲಿನಲ್ಲೇ ಹತ್ತಿದವರು.

ಮತ್ತೆ ಕೆಲಸಕ್ಕೆ ಹೋಗಬಹುದು, ಹಗುರವಾಗಿ ಸೈಕಲ್ ತುಳಿಯುವುದೂ ಒಳ್ಳೆಯದೇ, ಆದರೆ ಏದುಸಿರು ಬರಬಾರದು ಎಂದಿದ್ದರು ಡಾಕ್ಟರು.

ಶಶಿಪ್ರಭಾಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ...

ಆಟೋದಲ್ಲಿ ಹೋಗಿ ಎಂದಳು. ಮೇಷ್ಟ್ರು ತಲೆ ಅಲ್ಲಾಡಿಸಿದರು. ಕೊನೆಗೆ ಇಬ್ಬರೂ ಎಲೆಕ್ಟ್ರಿಕ್ ಸೈಕಲ್ಲಿಗೆ ಒಪ್ಪಿದರು.

ಅಲ್ಲಿಂದ ಅವಳಿಗೆ ಇನ್ನೊಂದು ಚಡಪಡಿಕೆ ಶುರುವಾಯಿತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ಏರು ಹತ್ತಲು ಯಾವ ಮೋಟಾರು ಒಳ್ಳೆಯದು...? ವಿಡಿಯೊ ನೋಡುತ್ತಾ ನೋಡುತ್ತಾ ಪಲ್ಯ ಸೀದುಹೋಗುತ್ತಿತ್ತು.

ಅವಳಿಗೆ ತಿಳಿದದ್ದು ಇಷ್ಟು. ಒಂದು ಬಗೆಯಲ್ಲಿ ಮೋಟಾರು ಚಕ್ರದೊಳಗೇ ಇರುತ್ತದೆ. ಅದನ್ನು ಹಬ್ ಮೋಟಾರು ಎನ್ನುತ್ತಾರೆ. ಅವಳು ನೋಡಿದ ಸೈಕಲ್ಲಿಗೆ ಸ್ಕೂಟರಿನ ಹಾಗೆ ಆಕ್ಸಿಲರೇಟರೂ ಇತ್ತು. ತಿರುಗಿಸಿದರೆ ಸಾಕು, ತುಳಿಯಬೇಕಾಗಿಲ್ಲ.

ಇನ್ನೊಂದರಲ್ಲಿ ಮೋಟಾರು ನಡುವೆ, ಪೆಡಲಿನ ಹತ್ತಿರ. ಅದರ ಬಲ ಚೈನು, ಗೇರುಗಳ ಮೂಲಕ ಹೋಗುತ್ತದೆ. ಸೈಕಲ್ ಅಂಗಡಿಯಲ್ಲಿ ನೋಡಿದ ಅಂಥ ಸೈಕಲ್ಲಿಗೆ ಆಕ್ಸಿಲರೇಟರ್ ಇರಲಿಲ್ಲ. ತುಳಿದರೆ ಮಾತ್ರ ಓಡುವುದು.

ಅವಳು ಮೊದಲನೆಯದನ್ನೇ ಆರಿಸಿದಳು. ಗಂಡ ಸುಮ್ಮನೆ ಕೂತು ಮೇಲೆ ಹೋಗಬೇಕು, ಅಷ್ಟೇ.

ಕಡಿದಾದ ಏರಿಗೆ ಇದು ಕಷ್ಟವಾಗಬಹುದು ಎಂದ ಅಂಗಡಿಯ ವಿನ್ಸೆಂಟ್. ಎರಡನ್ನೂ ಓಡಿಸಿ ನೋಡಿ ಎಂದು ಗುಡ್ಡದ ಬುಡಕ್ಕೆ ತಂದುಕೊಟ್ಟ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಹಬ್ ಮೋಟಾರಿನ ಸೈಕಲ್ ಹತ್ತಿದರು. ಹಿಂದೆಯೇ ಸ್ಕೂಟಿಯಲ್ಲಿ ಶಶಿಪ್ರಭಾ...

ಮೊದಲು ಸಲೀಸಾಗಿ ಹೋಯಿತು. ಏರು ಕಡಿದಾದಂತೆ ವೇಗ ಇಳಿಯಿತು. ಅರ್ಧ ದಾರಿಯಲ್ಲಿ ಮೋಟಾರು ಬಿಸಿಯಾಗಿ ನಿಂತೇಬಿಟ್ಟಿತು.

ಮೇಷ್ಟ್ರು ಇಳಿದು ಆ ಭಾರದ ಸೈಕಲ್ಲನ್ನು ತಳ್ಳಲು ನೋಡಿದರು. ಅವಳು ಓಡಿಬಂದು ಹ್ಯಾಂಡಲ್ ಕಿತ್ತುಕೊಂಡಳು.

ಕೆಳಗೆ ಬಂದ ಮೇಲೆ ಅವರು ಇನ್ನೊಂದು ಸೈಕಲ್ಲಿಗೆ ಕೈ ಹಾಕಿದರು. ಅವಳು ಅಡ್ಡ ನಿಂತಳು. ಇದು ಬೇಡ, ಇದನ್ನು ತುಳಿಯಬೇಕು, ಸೈಕಲ್ಲಿನ ಸಹವಾಸವೇ ಬೇಡ ಎಂದಳು.

ಮೇಷ್ಟ್ರು ಸೈಕಲ್ಲಿನ ಸ್ಟ್ಯಾಂಡ್ ಹಾಕಿದರು. ಆಮೇಲೆ ಮೆಲ್ಲಗೆ ಹೇಳಿದರು...

"ಶಶಿ, ಆಸ್ಪತ್ರೆಯಿಂದ ಬಂದಾಗಿನಿಂದ ನೀನು ನನಗೆ ಒಂದು ಲೋಟ ನೀರು ಬಗ್ಗಿಸಿಕೊಳ್ಳಲೂ ಬಿಟ್ಟಿಲ್ಲ. ಡಾಕ್ಟರು ನನ್ನ ಹೃದಯ ಸರಿ ಮಾಡಿ ಕಳಿಸಿದ್ದಾರೆ ಮಾರಾಯ್ತಿ. ಆದರೆ ನಮ್ಮ ಮನೆಯಲ್ಲಿ ನಾನು ಇನ್ನೂ ಪೇಶೆಂಟೇ."

ಇಷ್ಟು ದಿನ ತಾನು ಗಂಡನನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳು... ಆದರೆ ಉಳಿದ ಮನುಷ್ಯನಿಗೆ ಬದುಕಲು ಏನನ್ನೂ ಬಿಟ್ಟಿರಲಿಲ್ಲ.

ಅವಳು ಪಕ್ಕಕ್ಕೆ ಸರಿದಳು.

"ನಿಧಾನ ಹೋಗಿ. ಸುಸ್ತಾದರೆ ನಿಲ್ಲಿಸಿ," ಎಂದಳು. "ನಾನು ಹಿಂದೆ ಬರುವುದಿಲ್ಲ."

ಮೇಷ್ಟ್ರು ಹಗುರ ಗೇರಿಗೆ ಹಾಕಿ ಪೆಡಲ್ ಒತ್ತಿದರು. ಅವರು ಒಂದು ಪಾಲು ತುಳಿದರೆ ಮೋಟಾರು ತನ್ನ ಪಾಲು ಸೇರಿಸುತ್ತಿತ್ತು. ಸೈಕಲ್ ಮೆಲ್ಲಗೆ ಏರಿ ತಿರುವಿನಲ್ಲಿ ಮರೆಯಾಯಿತು.

ಶಶಿಪ್ರಭಾ ಸ್ಕೂಟಿಯ ಕೀ ಹಾಕಿದಳು, ತೆಗೆದಳು... ಮತ್ತೆ ಹಾಕಿದಳು. ಒಂದು ಆಂಬುಲೆನ್ಸ್ ಸದ್ದು ಮಾಡುತ್ತಾ ಹೋದಾಗ ಅದು ಹೋದ ದಿಕ್ಕನ್ನೇ ನೋಡಿದಳು. ಅದು ಬೇರೆ ರಸ್ತೆಗೆ ತಿರುಗಿತು. ಕೊನೆಗೆ ಕೀಯನ್ನು ಪಕ್ಕದಲ್ಲೇ ನಿಂತಿದ್ದ ವಿನ್ಸೆಂಟನ ಕೈಗೆ ಕೊಟ್ಟು, ತಾನು ಕೇಳಿದರೂ ಕೊಡಬೇಡಿ ಎಂದಳು.

ಆಗ ಫೋನು ರಿಂಗಾಯಿತು.

ಆ ಕಡೆ ಗಾಳಿಯ ಸದ್ದು... ಒಂದೆರಡು ಉಸಿರು. ಏದುಸಿರಲ್ಲ. ತುಳಿದು ಬಂದವನ ಸಾದಾ ಉಸಿರು.

"ಶಾಲೆಯ ಗೇಟಿನ ಹತ್ತಿರ ಇದ್ದೇನೆ," ಎಂದರು ಮೇಷ್ಟ್ರು. "ನಾನೇ ಬಂದೆ, ಶಶಿ."

ಅವಳು ಅಲ್ಲೇ ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟಳು... ಆಸ್ಪತ್ರೆಯಲ್ಲಿ ಬಾರದ ಅಳುವೆಲ್ಲ ಆಗ ಬಂತು.

*ನಮ್ಮವರ ಏರನ್ನು ಹಗುರ ಮಾಡೋಣ... ಅವರ ಪೆಡಲ್ ಕಿತ್ತುಕೊಳ್ಳುವುದು ಬೇಡ.*

"ನೀವು ಬಿಡಿ, ನಾನೇ ಮಾಡ್ತೇನೆ" ಎಂದು ಪ್ರೀತಿಯಿಂದಲೇ ನೀವು ಯಾರ ಕೈಯನ್ನು ಖಾಲಿ ಮಾಡುತ್ತಿದ್ದೀರಿ...?