ಸಮಾಧಾನಕ್ಕೊಂದು ಸಮುದ್ರ

ಗಂಡ ಹೆಂಡತಿ ಒಳಗೆ ಕಾಲಿಟ್ಟದ್ದೇ ತಡ, ಟಿಕೆಟ್ ಅಕ್ಕ ರೇಡಿಯೊ ಆರಿಸಿದಳು. ಆತನ ಗಡ್ಡ ಮೂರು ದಿನದ್ದು. ಹೆಂಡತಿಯ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಔಷಧಿ ಅಂಗಡಿಯ ಮೇಲಿನ ಆ ಒಂದೇ ಕೋಣೆಯ ಪ್ರವಾಸ ಕಚೇರಿಯಲ್ಲಿ ಇಪ್ಪತ್ತು ವರ್ಷ ಮುಖ ನೋಡಿಯೇ ಮಣೆ ಹಾಕಿದವಳು ಅಕ್ಕ. ಹೊಸದಾಗಿ ಮದುವೆಯಾದವರು ಯಾರು, ಮನೆಬಿಟ್ಟು ಓಡಿಬಂದವರು ಯಾರು ಎಂದು ಮೆಟ್ಟಿಲಿನ ಸದ್ದಿನಲ್ಲೇ ಹೇಳಬಲ್ಲಳು. ಇದು ಸಾವಿನ ಮನೆ. ಅನುಮಾನವೇ ಇಲ್ಲ.

“ಕೂತ್ಕೊಳ್ಳಿ,” ಎಂದಳು, ಆಸ್ಪತ್ರೆಯ ವರಾಂಡದಲ್ಲಿ ಮಾತಾಡುವ ದನಿಯಲ್ಲಿ.

“ಎಲ್ಲಾದ್ರೂ ಸಮುದ್ರದ ಹತ್ರ,” ಎಂದಳು ಹೆಂಡತಿ. “ಈ ಶರತ್ಕಾಲ ಮುಗಿಯೋದ್ರೊಳಗೆ. ಗದ್ದಲ ಇರ್ಬಾರ್ದು. ಗುರುತಿನವ್ರು ಯಾರೂ ಸಿಗ್ಬಾರ್ದು. ಬಂದವ್ರೆಲ್ಲ ಸಮಾಧಾನ ಹೇಳಿ ಹೇಳಿ ಸಾಕಾಗಿ ಹೋಗಿದೆ.”

“ಯಾವಾಗ ಆಗಿದ್ದು?”

“ಭಾನುವಾರ ಮಧ್ಯಾಹ್ನ.”

“ಎಷ್ಟು ವರ್ಷ?”

“ಹದಿನೆಂಟು,” ಎಂದ ಗಂಡ, ಕಿಟಕಿಯ ಕಡೆ ನೋಡುತ್ತ. “ಹದಿನೆಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದು. ಅರ್ಧ ಗಂಟೇಲಿ ಕೈಬಿಟ್ಟು ಹೋಯ್ತು.”

ಟಿಕೆಟ್ ಅಕ್ಕನ ಮಗಳಿಗೂ ಬರುವ ತಿಂಗಳು ಹದಿನೆಂಟು. ಮರಳಲ್ಲಿ ಆಡುವ ಮಕ್ಕಳಿದ್ದ ಚಿತ್ರಗಳನ್ನೆಲ್ಲ ಮೊಣಕೈಯಿಂದ ಮೆಲ್ಲಗೆ ಆಚೆ ಸರಿಸಿ, ಉಳಿದ ನಾಲ್ಕು ಚಿತ್ರಗಳನ್ನು ಮೇಜಿನ ಮೇಲಿಟ್ಟಳು.

ಗಂಡ ಮೊದಲನೆಯದನ್ನು ಕಣ್ಣಿನ ಹತ್ತಿರ ಹಿಡಿದ. “ಈ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇಲ್ಲ.” ಎರಡನೆಯದನ್ನು ಹಿಡಿದ. “ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ. ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ವಾ?” ಮೂರನೆಯದರಲ್ಲಿ ದೀಪದ ಕಂಬ ವಾಲಿತ್ತು.

ಪಾಪ, ಮಗುವನ್ನು ಕಳೆದುಕೊಂಡ ತಂದೆಗೆ ಎಲ್ಲೆಲ್ಲೂ ಅಪಾಯವೇ ಕಾಣುತ್ತದೆ. ಅಕ್ಕನ ಕಣ್ಣು ತುಂಬಿತು.

“ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಟೈಮ್ ಸಿಗ್ಲಿಲ್ವಾ?”

ಗಂಡ ಹುಬ್ಬೇರಿಸಿದ. “ಆಸ್ಪತ್ರೆ ಯಾಕೆ? ಎರಡು ಸಲ ಎಣಿಸಿದ್ರು. ಎರಡೇ ಓಟು ಕಮ್ಮಿ.”

ಕೈಬಿಟ್ಟು ಹೋದದ್ದು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷಗಿರಿ. ಗೆದ್ದವನು ಮೂರನೇ ಅಡ್ಡರಸ್ತೆಯ ಹಲ್ಲಿನ ಡಾಕ್ಟರು.

ಅಕ್ಕನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊರಟುಬಂದ ಕಣ್ಣೀರನ್ನು ವಾಪಸ್ ಕಳಿಸುವಂತೆಯೂ ಇಲ್ಲ. ಸೀನಿದಂತೆ ಮಾಡಿ ಒರೆಸಿಕೊಂಡಳು. ನಾಲ್ಕನೆಯ ಚಿತ್ರವನ್ನು ಮುಂದೆ ತಳ್ಳಿದಳು. ದಿಬ್ಬದ ಆಚೆ ನಾಲ್ಕೇ ಕೋಣೆಯ ಮನೆ, ಎದುರಿಗೆ ಕಡಲು. ಫೋನು ಸಿಗುವುದಿಲ್ಲ.

“ಫೋನು ಸಿಗಲ್ವಾ?” ಹೆಂಡತಿಯ ಮುಖದಲ್ಲಿ ಮೊದಲ ಸಲ ಬೆಳಕು ಕಾಣಿಸಿತು. “ಇದೇ ಇರ್ಲಿ. ಹತ್ತು ದಿನ.”

ಅಷ್ಟರಲ್ಲಿ ಕೆಳಗಿನಿಂದ ತೊಟ್ ತೊಟ್ ಎಂಬ ಸದ್ದು. ಗಂಡನ ಕಿವಿ ನೆಟ್ಟಗಾಯಿತು. “ಎಲ್ಲೋ ನಲ್ಲಿ ಸೋರ್ತಿದೆ. ಒಂದ್ನಿಮಿಷ.” ಎದ್ದು ಹೊರಟೇಬಿಟ್ಟ.

“ನೋಡಿದ್ರಾ?” ಎಂದಳು ಹೆಂಡತಿ. “ಹದಿನೆಂಟು ವರ್ಷದಿಂದ ಇದೇ ಕಥೆ. ತುತ್ತು ಎತ್ತಿದ್ರೆ ಸಾಕು, ಬಾಗ್ಲು ಬಡಿಯೋರು. ಒಬ್ರ ಮೋಟಾರು ಕೆಟ್ಟಿದೆ, ಇನ್ನೊಬ್ರ ನಾಯಿ ಬೊಗಳ್ತಿದೆ. ಹೋದ ವರ್ಷ ಇವ್ರು ಮೀಟಿಂಗಲ್ಲೇ ತಲೆ ತಿರುಗಿ ಬಿದ್ರು. ರೆಸ್ಟ್ ತಗೊಳ್ಳಿ ಅಂದ್ರೆ, ಮುಂದಿನ ಮೀಟಿಂಗ್ ಮುಗೀಲಿ ಅಂದ್ರು.” ಬಾಗಿಲ ಕಡೆ ನೋಡಿ ಮುಂದಕ್ಕೆ ಬಾಗಿದಳು. “ಅದಕ್ಕೇ... ನನ್ನ ಓಟನ್ನ ಹಲ್ಲಿನ ಡಾಕ್ಟ್ರಿಗೆ ಹಾಕ್ಬಿಟ್ಟೆ.”

“ಅಯ್ಯೋ ಅಮ್ಮಾ!”

“ಒಂದು ಓಟಲ್ಲಿ ಏನು ಮಹಾ ಆಗುತ್ತೆ ಅಂದ್ಕೊಂಡೆ ಕಣ್ರೀ. ಈಗ ನೋಡಿ. ಮೂರು ದಿನದಿಂದ ನೆಟ್ಟಗೆ ಊಟ ಇಲ್ಲ. ನನ್ನ ಮುಖ ನೋಡಿ ಒಂದು ಮಾತಾಡಿಲ್ಲ. ಬಚ್ಚಲಲ್ಲಿ ನೀರು ಬಿಟ್ಕೊಂಡು ಅಳ್ತೀನಿ. ಗೊತ್ತಾದ್ರೆ ಎದೆ ಒಡ್ಕೊಂಡುಬಿಡ್ತಾರೆ. ದಯವಿಟ್ಟು ಎಲ್ಲೂ ಬಾಯಿ ಬಿಡ್ಬೇಡಿ.”

“ನನ್ನ ಹೊಟ್ಟೇಲೇ ಇರುತ್ತೆ, ಹೋಗಿ,” ಎಂದಳು ಅಕ್ಕ.

ಹೆಂಡತಿ ಕಣ್ಣೊರೆಸಿಕೊಂಡು ಇಳಿದುಹೋದಳು. ಎರಡು ನಿಮಿಷ ಬಿಟ್ಟು ಗಂಡ ಒಬ್ಬನೇ ಬಂದ, ಒದ್ದೆ ಕೈ ಒರೆಸಿಕೊಳ್ಳುತ್ತ.

“ಅವಳು ಕೆಳಗೆ ತಲೆನೋವಿನ ಮಾತ್ರೆ ತಗೋತಿದ್ದಾಳೆ. ಎಲ್ಲಿ ಸಹಿ ಹಾಕ್ಬೇಕು?”

ಅಕ್ಕ ಫಾರಂ ಮುಂದಿಟ್ಟಳು. ಆತ ಸಹಿ ಹಾಕಿ, ಅಭ್ಯಾಸಬಲದಿಂದ ಕೆಳಗೆ ‘ಅಧ್ಯಕ್ಷರು’ ಎಂದು ಬರೆದ. ನೋಡಿಕೊಂಡು ಹೊಡೆದುಹಾಕಿದ. ಅಕ್ಕನ ಮನಸ್ಸು ಮತ್ತೆ ಕರಗಿತು.

“ಸೋಲು ಗೆಲುವು ಇದ್ದದ್ದೇ ಸರ್. ಮನಸ್ಸಿಗೆ ಹಚ್ಕೋಬೇಡಿ.”

“ನನಗೇನಮ್ಮ? ಸಂಕಟ ಅವಳಿಗೆ.” ಆತ ಬಾಗಿಲತ್ತ ಒಮ್ಮೆ ತಿರುಗಿ ನೋಡಿದ. “ಅಧ್ಯಕ್ಷರ ಹೆಂಡ್ತಿ ಅನ್ನಿಸ್ಕೊಳ್ಳೋದು ಅಂದ್ರೆ ಅವಳಿಗೆ ಪ್ರಾಣ. ಬಚ್ಚಲಲ್ಲಿ ಅಳೋದು ನನಗೆ ಕೇಳ್ಸಲ್ಲ ಅಂದ್ಕೊಂಡಿದ್ದಾಳೆ. ಮದುವೆ ಆದಾಗಿಂದ ಸಮುದ್ರ, ಸಮುದ್ರ ಅಂತಿದ್ಳು. ಈ ಕುರ್ಚಿ ಇರೋವರ್ಗೂ ನನ್ನ ಕೈಲಿ ಆಗ್ತಿರ್ಲಿಲ್ಲ. ಈಗ ಅವಳ ಮುಖ ನೋಡೋಕೇ ಧೈರ್ಯ ಬರ್ತಿಲ್ಲ, ತುತ್ತು ಗಂಟಲಲ್ಲಿ ಇಳೀತಿಲ್ಲ.”

“ನೀವೇನು ಮಾಡ್ತೀರಿ ಸರ್, ಜನ ಓಟು ಹಾಕ್ಲಿಲ್ಲ.”

“ಜನ ಹಾಕಿದ್ರಮ್ಮ,” ಎಂದು ಪಿಸುಗುಟ್ಟಿದ ಆತ. “ನನ್ನ ಓಟನ್ನ ನಾನೇ ಹಲ್ಲಿನ ಡಾಕ್ಟ್ರಿಗೆ ಹಾಕಿದ್ದು.”